ಸಣ್ಣ, ಅಗ್ಗದ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ

ಮೊದಲು ರ‍್ಯಾಮ್ ನೋಡಿ, ಅಂದರೆ ತೆರೆದಿಟ್ಟ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ. ವಿಂಡೋಸ್ 11 ಓಡಲು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಸಾಕು ಅಂತ ಮೈಕ್ರೋಸಾಫ್ಟೇ ಹೇಳುತ್ತದೆ, ಆದರೆ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದು ಪಕ್ಕದಲ್ಲೇ ಒಂದು ವಿಡಿಯೋ ಕಾಲ್ ಶುರು ಮಾಡಿದರೆ ಆ 4 ಜಿಬಿ ಏದುಸಿರು ಬಿಡುತ್ತದೆ. 8 ಜಿಬಿ ಇರಲಿ. ಇಂಥ ಮಷೀನುಗಳಲ್ಲಿ ರ‍್ಯಾಮ್ ಅನ್ನು ಬೋರ್ಡ್‌ಗೇ ಬೆಸುಗೆ ಹಾಕಿರುವುದು ಜಾಸ್ತಿ, ಆಮೇಲೆ ಹಾಕಿಸಿಕೊಳ್ಳೋಣ ಅಂದರೆ ಆಗುವುದಿಲ್ಲ.

ಫೈಲುಗಳು ಕೂರುವ ಸ್ಟೋರೇಜ್ ಇಎಂಎಂಸಿಯೋ (ಅಗ್ಗದ ಬಗೆಯ ಚಿಪ್) ಎಸ್‌ಎಸ್‌ಡಿಯೋ (ವೇಗದ ಬಗೆ) ಕೇಳಿ. ಇಎಂಎಂಸಿ ನಿಧಾನ, ಮತ್ತು 64 ಜಿಬಿಯಲ್ಲಿ ವಿಂಡೋಸ್ ಅಪ್‌ಡೇಟ್‌ಗೇ ಜಾಗ ಸಾಲದೆ ಫೋಟೋ ಅಳಿಸುತ್ತಾ ಕೂರಬೇಕಾಗುತ್ತದೆ.

ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಕ್ರೋಮ್‌ಬುಕ್ ಆದರೆ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ ಅನ್ನುವುದನ್ನು ಗೂಗಲ್ ಪಟ್ಟಿಯಲ್ಲಿ ನೋಡಿಕೊಳ್ಳಿ. ಹಳೇ ಮಾಡೆಲ್ ಅಗ್ಗಕ್ಕೆ ಸಿಗುವುದಕ್ಕೆ ಅಪ್‌ಡೇಟ್ ಬೇಗ ನಿಲ್ಲುವುದೂ ಒಂದು ಕಾರಣ ಇರಬಹುದು, ಅಲ್ವಾ?

ಇನ್ನು ಕೈಯಿಂದಲೇ ತಿಳಿಯುವ ಸಂಗತಿಗಳು. ಒಂದು ಪ್ಯಾರಾ ಟೈಪ್ ಮಾಡಿ. 11.6 ಇಂಚಿನ ಮಷೀನಿನಲ್ಲಿ ಎಂಟರ್, ಶಿಫ್ಟ್ ಕೀಗಳನ್ನು ಕುಗ್ಗಿಸಿರುತ್ತಾರೆ, ಕಿರುಬೆರಳು ಪದೇ ಪದೇ ಪಕ್ಕದ ಕೀ ಒತ್ತಿದರೆ ಅದನ್ನು ಬಿಟ್ಟುಬಿಡಿ. ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಣ್ಣ ಮಸುಕಾದರೆ ಅದು ಟಿಎನ್ ಎಂಬ ಅಗ್ಗದ ಬಗೆಯ ಪರದೆ ಇರಬಹುದು. ಯುಎಸ್‌ಬಿ ಸಿ ಚಾರ್ಜಿಂಗ್ ಇದ್ದರೆ ಒಳ್ಳೆಯದು.