ಅಪ್ಪನ ಫೋನಿಗೆ ಬಂದ ಕಿವಿ ಮಷೀನ್ ಆಡ್

ಅಪ್ಪಂಗೆ ಕಿವಿ ಸ್ವಲ್ಪ ಮಂದ ಆಗ್ತಿದೆ ಅಂತ ಮನೇಲಿ ಎಲ್ರಿಗೂ ಗೊತ್ತಿತ್ತು, ಅಪ್ಪಂಗೆ ಮಾತ್ರ ಯಾರೂ ಹೇಳಿರ್ಲಿಲ್ಲ. ಹೇಗಪ್ಪಾ ಹೇಳೋದು ಅಂತ ಯೋಚ್ನೆ ಮಾಡ್ತಾ ನಾನು ರಾತ್ರಿ ಹೊತ್ತು ಫೋನಲ್ಲಿ ಕಿವಿ ಮಷೀನ್ ಬಗ್ಗೆ ಹುಡುಕ್ತಾ ಕೂರ್ತಿದ್ದೆ, ಯಾವ್ದು ಕಿವಿ ಒಳಗೆ ಕೂರತ್ತೆ, ಯಾವ್ದು ಹಿಂದೆ ಕೂರತ್ತೆ, ಬ್ಯಾಟರಿ ಎಷ್ಟ್ ದಿನ ಬರತ್ತೆ, ಇಂಥದ್ದೆಲ್ಲ. ನಾಲ್ಕೈದು ದಿನ ಆಗಿರ್ಬೇಕು, ಅಪ್ಪ ಅವ್ರ ಫೋನ್ ತಂದು ನನ್ ಮುಂದೆ ಹಿಡಿದ್ರು. "ಏನೋ ಇದು, ಬೆಳಿಗ್ಗೆಯಿಂದ ಮೂರ್ನಾಲ್ಕ್ ಸಲ ಇದೇ ಬರ್ತಿದೆ. ನಂಗೆ ಕಿವಿ ಕೇಳ್ಸಲ್ಲ ಅಂತ ಇವ್ರಿಗೆ ಹೇಳ್ದೋರ್ ಯಾರು?"

ನಂಗೆ ಏನ್ ಹೇಳ್ಬೇಕೋ ತೋಚ್ಲಿಲ್ಲ. ಯಾಕಂದ್ರೆ ಇಂಥ ಆಡ್ ಓಡಿಸೋದೇ ಆರೇಳು ವರ್ಷ ನನ್ ಹೊಟ್ಟೆಪಾಡಾಗಿತ್ತು.

ಫೋನು ನಮ್ ಮಾತು ಕದ್ದು ಕೇಳ್ಸ್ಕೊಳ್ಳತ್ತೆ ಅಂತ ನನ್ ಹೆಂಡ್ತಿ. ಇಲ್ಲ ಮಾರಾಯ್ತಿ, ಅಷ್ಟೆಲ್ಲ ಕಷ್ಟ ಪಡೋ ಅಗತ್ಯಾನೇ ಇಲ್ಲ ಅವ್ರಿಗೆ. ಒಂದೇ ವೈಫೈಗೆ ಸೇರ್ಕೊಂಡಿರೋ ಫೋನೆಲ್ಲ ಹೊರಗಡೆಯಿಂದ ನೋಡಿದ್ರೆ ಸಾಮಾನ್ಯವಾಗಿ ಒಂದೇ ಐಪಿ ಅಡ್ರೆಸ್ (ಇಂಟರ್ನೆಟ್ಟಲ್ಲಿ ನಮ್ ಕನೆಕ್ಷನ್ನಿನ ನಂಬರ್), ದಿನಾ ರಾತ್ರಿ ಒಂದೇ ಅಡ್ರೆಸ್ಸಿಂದ ಬರೋ ಫೋನ್‌ಗಳನ್ನ ಸೇರಿಸಿ ಇದೊಂದು ಮನೆ ಅಂತ ಗಂಟು ಹಾಕೋದು ಆಡ್ ಲೋಕದಲ್ಲಿ ಹಳೇ ಪದ್ಧತಿ. ಆ ಮನೇಲಿ ಯಾರೋ ಕಿವಿ ಮಷೀನ್ ಹುಡುಕ್ತಿದಾರೆ, ಅದೇ ಮನೇಲಿ ಎಪ್ಪತ್ತು ದಾಟಿದ ಒಬ್ರ ಅಕೌಂಟ್ ಇದೆ. ಮುಗೀತಲ್ಲ! ಆ ಕಂಪನಿ ಆಡ್ ನನ್ ಕೈಗೆ ಕೊಟ್ಟಿದ್ರೂ ನಾನು ಹೀಗೇ ಸೆಟ್ ಮಾಡ್ತಿದ್ದೆ.

ಅವತ್ತು ರಾತ್ರಿ ಕೂತು ಕ್ಲೀನ್ ಮಾಡೋಕೆ ಶುರು ಮಾಡ್ದೆ. ಮೊದ್ಲು ಆಂಡ್ರಾಯ್ಡ್‌ನ ಅಡ್ವರ್ಟೈಸಿಂಗ್ ಐಡಿ, ಅಂದ್ರೆ ಆಡ್ ಕಂಪನಿಗಳು ಫೋನ್ ಗುರ್ತು ಹಿಡಿಯೋ ನಂಬರ್. ಸೆಟ್ಟಿಂಗ್ಸಲ್ಲಿ ಪ್ರೈವೆಸಿ, ಅದ್ರೊಳಗೆ ಆಡ್ಸ್, ಅಲ್ಲಿ ಡಿಲೀಟ್ ಅಂತಾನೇ ಇದೆ (ರೀಸೆಟ್ ಅಲ್ಲ, ರೀಸೆಟ್ ಮಾಡಿದ್ರೆ ಹೊಸ ನಂಬರ್ ಕೊಡತ್ತೆ ಅಷ್ಟೇ). ಡಿಲೀಟ್ ಆದ್ಮೇಲೆ ಯಾವ ಆಪ್ ಕೇಳಿದ್ರೂ ಬರೀ ಸೊನ್ನೆ ಸೊನ್ನೆ ಸೊನ್ನೆ ಹೋಗತ್ತೆ. ಐಫೋನಲ್ಲಿ 2021ರ ಏಪ್ರಿಲ್‌ನಿಂದ ಆಪ್‌ಗಳು ಕೇಳ್ಕೊಂಡೇ ಟ್ರ್ಯಾಕ್ ಮಾಡ್ಬೇಕು, ಕೇಳೋದನ್ನೇ ಒಟ್ಟಿಗೆ ಆಫ್ ಮಾಡೋಕೂ ಒಂದು ಸ್ವಿಚ್ ಇದೆ. ಗೂಗಲ್‌ನಲ್ಲಿ ಮೈ ಆಡ್ ಸೆಂಟರ್ ಒಳಗೆ ಆಡ್ ಪರ್ಸನಲೈಸೇಶನ್ (ನಮ್ಮನ್ನ ನೋಡ್ಕೊಂಡು ಆಡ್ ತೋರ್ಸೋದು) ಆಫ್ ಮಾಡಿ, ವೆಬ್ ಅಂಡ್ ಆಪ್ ಆಕ್ಟಿವಿಟಿ (ನಾವು ಹುಡುಕಿದ್ದು ನೋಡಿದ್ದರ ದಾಖಲೆ) ಮೂರು ತಿಂಗ್ಳಿಗೆ ತಾನಾಗೇ ಅಳಿಸಿ ಹೋಗೋ ಹಾಗೆ ಇಟ್ಟೆ. ಇವೆಲ್ಲ ಹತ್ ನಿಮಿಷದ ಕೆಲಸ.

ಟೈಮ್ ಹಿಡಿದಿದ್ದು ಫೇಸ್‌ಬುಕ್. ಅಕೌಂಟ್ಸ್ ಸೆಂಟರ್ ಒಳಗೆ ಹುಡುಕ್ತಾ ಹೋದ್ರೆ, ಬೇರೆ ವೆಬ್‌ಸೈಟು ಬೇರೆ ಆಪುಗಳು ನಮ್ ಬಗ್ಗೆ ಕಳ್ಸಿರೋ ಲೆಕ್ಕದ ಒಂದು ಪುಟ ಸಿಗತ್ತೆ. ಫೇಸ್‌ಬುಕ್ ತೆಗೀದೆ ಇದ್ದಾಗ ನಾವು ಬೇರೆ ಕಡೆ ಮಾಡಿರೋ ಕೆಲಸ ಇದು, ಆ ಸೈಟ್‌ನವ್ರು ಪಿಕ್ಸೆಲ್ ಅಂತ ಒಂದ್ ಚೂರು ಕೋಡ್ ಹಾಕ್ಕೊಂಡಿರ್ತಾರೆ, ಅದು ವರದಿ ಮಾಡತ್ತೆ. ಇಂಥ ಪಿಕ್ಸೆಲ್ ನಾನೇ ನೂರಾರು ಸೈಟಿಗೆ ಹಾಕಿದೀನಿ, ಆದ್ರೆ ನನ್ ಹೆಸ್ರಿನ ಪುಟ ಯಾವತ್ತೂ ತೆಗೆದು ನೋಡಿರ್ಲಿಲ್ಲ. ಒಂದು ಔಷಧಿ ಆಪ್ ಇತ್ತು ಅದ್ರಲ್ಲಿ. ಪಕ್ಕದಲ್ಲಿ ತಾರೀಕು, ಎಷ್ಟು ಸಲ ಅನ್ನೋ ಎಣಿಕೆ. ಪೂರ್ತಿ ಫೈಲ್ ಡೌನ್‌ಲೋಡ್ ಮಾಡಿದ್ರೆ ಇನ್ನೂ ಬಿಡಿಸಿ ಇರತ್ತೆ, ಪೇಜ್ ವ್ಯೂ, ಪೇಜ್ ವ್ಯೂ, ಆಡ್ ಟು ಕಾರ್ಟ್, ಎಲ್ಲಾದ್ರ ಪಕ್ಕ ಟೈಮು. ರಾತ್ರಿ ಹನ್ನೊಂದು ಮುಕ್ಕಾಲಿಗೆ ನಾನು ಏನೋ ಕಾರ್ಟಿಗೆ ಹಾಕಿದೀನಿ. ಏನು ಅಂತ ನಂಗೇ ನೆನಪಿಲ್ಲ.

ಹಳೇದೆಲ್ಲ ಕ್ಲಿಯರ್ ಮಾಡಿ, ಮುಂದೆ ಬರೋದೂ ಅಕೌಂಟಿಗೆ ಅಂಟ್ಕೋಬಾರ್ದು ಅಂತ ಡಿಸ್‌ಕನೆಕ್ಟ್ ಒತ್ತಿದೆ. ಇಲ್ಲೊಂದ್ ವಿಷ್ಯ ತಿಳ್ಕೊಳ್ಳಿ, ಕ್ಲಿಯರ್ ಅಂದ್ರೆ ಅಳಿಸೋದಲ್ಲ, ನಮ್ ಅಕೌಂಟಿಂದ ಬಿಚ್ಚಿ ಬೇರೆ ಇಡೋದು. ಇನ್ನೊಂದು, ಡಿಸ್‌ಕನೆಕ್ಟ್ ಮಾಡಿದ್ರೆ ಫೇಸ್‌ಬುಕ್ ಲಾಗಿನ್ ಬಳಸಿ ಒಳಗೆ ಹೋಗ್ತಿದ್ದ ಆಪ್‌ಗಳ ಬಾಗ್ಲು ಮುಚ್ಚತ್ತೆ. ಎಚ್ಚರಿಕೆ ಅಲ್ಲೇ ಬರ್ದಿರತ್ತೆ, ನಾನೇ ಓದದೇ ಒತ್ತಿದ್ದು. ಒಂದು ಆಪಲ್ಲಿ ಹತ್ತು ವರ್ಷದ ಓದಿನ ಟಿಪ್ಪಣಿ ಇಟ್ಟಿದ್ದೆ, ವಾಪಸ್ ತಗೊಳ್ಳೋಕೆ ಅವ್ರ ಸಪೋರ್ಟ್‌ನವ್ರಿಗೆ ಮೂರು ವಾರ ಮೇಲ್ ಬರ್ದಿದೀನಿ. ಅದಕ್ಕೇ ಹೇಳೋದು, ಮೊದ್ಲು ಎಲ್ಲಾ ಕಡೆ ಇಮೇಲು ಪಾಸ್‌ವರ್ಡ್ ಮಾಡ್ಕೊಂಡು ಆಮೇಲೆ ಅದನ್ನ ಮುಟ್ಟಿ.

ಅಲ್ಲೇ ಆಡ್ ಪ್ರಿಫರೆನ್ಸಸ್ ಒಳಗೆ ಇನ್ನೊಂದು ಪಟ್ಟಿ ಇದೆ, ಯಾವ್ ಯಾವ್ ಕಂಪನಿಯ ಗಿರಾಕಿ ಲಿಸ್ಟಲ್ಲಿ ನೀವಿದೀರ ಅಂತ. ಇದ್ರ ಒಳಗುಟ್ಟು ನಂಗೆ ಚೆನ್ನಾಗ್ ಗೊತ್ತು. ಕಂಪನಿಯವ್ರು ಎಕ್ಸೆಲ್‌ನಲ್ಲಿ ಫೋನ್ ನಂಬರ್ ಕೊಡ್ತಾರೆ, ನಾವು ಅಪ್‌ಲೋಡ್ ಮಾಡ್ತೀವಿ, ಅದು ಹ್ಯಾಶ್ ಆಗಿ 64 ಅಕ್ಷರದ ಅರ್ಥ ಆಗ್ದಿರೋ ಸಾಲಾಗತ್ತೆ. "ಯಾರ್ ನಂಬರೂ ಹೊರಗ್ ಹೋಗಲ್ಲ ಸಾರ್, ಎಲ್ಲಾ ಹ್ಯಾಶ್ ಆಗತ್ತೆ" ಅಂತ ಎಷ್ಟು ಮೀಟಿಂಗಲ್ಲಿ ಹೇಳಿದೀನೋ ಲೆಕ್ಕ ಇಲ್ಲ. ನಿಜ ಏನಂದ್ರೆ ಅದೇ ನಂಬರ್ ಫೇಸ್‌ಬುಕ್ ಕಡೇನೂ ಹ್ಯಾಶ್ ಆಗಿ ಅದೇ 64 ಅಕ್ಷರ ಬರತ್ತೆ, ಎರಡೂ ತಾಳೆ ಆದ್ರೆ ಮನುಷ್ಯ ಸಿಕ್ಕ. ಹ್ಯಾಶ್ ಮಾಡಿದ ಮಾತ್ರಕ್ಕೆ ಡೇಟಾ ಅನಾಮಧೇಯ ಆಗಲ್ಲ ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2024ರಲ್ಲಿ ಬಿಡಿಸಿ ಹೇಳ್ತು, ಆ ಹೊತ್ತಿಗೆ ನಾನು ಆ ಕೆಲಸ ಬಿಟ್ಟಾಗಿತ್ತು. ನನ್ ಪಟ್ಟೀಲಿ ಸ್ಕ್ರೋಲ್ ಮಾಡ್ತಾ ಹೋದ್ರೆ ನಮ್ಮ ಹಳೇ ಆಫೀಸಿನ ಹೆಸ್ರೇ ಸಿಕ್ತು! ಆಡ್ ಸರಿಯಾಗಿ ಬರ್ತಿದ್ಯಾ ಅಂತ ಟೆಸ್ಟ್ ಮಾಡೋಕೆ ನನ್ ನಂಬರ್ ನಾನೇ ಲಿಸ್ಟಿಗೆ ಸೇರ್ಸಿದ್ದೆ.

ಕಾನೂನು ಬಂದ್ರೆ, ಒತ್ತಡ ಬಂದ್ರೆ ಏನಾಗತ್ತೆ ಅಂತ ಕೇಳ್ತಾರಲ್ಲ, ಆಡ್ ಮಾಡೋರಿಗೆ ಅದು ಮಾಯ ಆದ ಮೆನು ರೂಪದಲ್ಲಿ ಕಾಣತ್ತೆ. ಫೇಸ್‌ಬುಕ್‌ನಲ್ಲಿ 2021ರಲ್ಲಿ 18ರ ಒಳಗಿನವ್ರಿಗೆ ಆಸಕ್ತಿ ನೋಡಿ ಆಡ್ ತೋರ್ಸೋ ಆಯ್ಕೆ ಹೋಯ್ತು, 2022ರ ಜನವರೀಲಿ ಕಾಯಿಲೆ, ಧರ್ಮ, ರಾಜಕೀಯಕ್ಕೆ ಸಂಬಂಧಪಟ್ಟ ಆಯ್ಕೆಗಳು ಹೋದ್ವು. ಯುರೋಪಿನ ಡಿಜಿಟಲ್ ಸರ್ವೀಸಸ್ ಆಕ್ಟ್ ಆಮೇಲೆ ಮಕ್ಕಳಿಗೆ ಪ್ರೊಫೈಲ್ ನೋಡಿ ಆಡ್ ತೋರ್ಸೋದನ್ನೇ ನಿಷೇಧ ಮಾಡ್ತು, 2024ರ ಫೆಬ್ರವರಿಯಿಂದ ಪೂರ್ತಿ ಜಾರಿ. ನಾನ್ ಮೇಲೆ ಹೇಳಿದ, ಬೇರೆ ಸೈಟುಗಳು ಕಳ್ಸಿರೋ ಲೆಕ್ಕದ ಪುಟ ಕೂಡ ಸುಮ್ನೆ ಬಂದಿದ್ದಲ್ಲ, 2018ರಲ್ಲಿ ಕೇಂಬ್ರಿಜ್ ಅನಲಿಟಿಕಾ (ಫೇಸ್‌ಬುಕ್ ಜನರ ಮಾಹಿತಿ ಎತ್ಕೊಂಡು ಚುನಾವಣೆ ಪ್ರಚಾರಕ್ಕೆ ಬಳಸಿದ ಕಂಪನಿ) ಗಲಾಟೆ ಆಗಿ, 8.7 ಕೋಟಿ ಜನರ ಮಾಹಿತಿ ಹೋಗಿರ್ಬಹುದು ಅಂತ ಫೇಸ್‌ಬುಕ್ಕೇ ಒಪ್ಕೊಂಡ ಮೇಲೆ ಕೊಟ್ಟ ಮಾತು ಅದು, ಎಲ್ರಿಗೂ ಸಿಕ್ಕಿದ್ದು 2020ರ ಜನವರೀಲಿ. ಟ್ವಿಟರ್ ಸೆಕ್ಯುರಿಟಿಗೆ ಅಂತ ಇಸ್ಕೊಂಡ ಫೋನ್ ನಂಬರನ್ನ ಆಡಿಗೆ ಬಳಸಿದ್ದಕ್ಕೆ 2022ರಲ್ಲಿ 15 ಕೋಟಿ ಡಾಲರ್ ದಂಡ ಕಟ್ತು.

ಆದ್ರೆ ಒಳಗಿದ್ದೋನಾಗಿ ಒಂದ್ ಮಾತು ಹೇಳ್ತೀನಿ. ಆ ಮೆನು ಮಾಯ ಆದಾಗ ನಮ್ ಆಫೀಸಲ್ಲಿ ಒಂದ್ ವಾರ ತಲೆ ಕೆರ್ಕೊಂಡ್ವಿ, ಎರಡನೇ ವಾರ ಲುಕ್‌ಅಲೈಕ್‌ಗೆ ಹೋದ್ವಿ. ಅಂದ್ರೆ ಕಾಯಿಲೆ ಹೆಸ್ರು ಹಾಕೋ ಹಾಗಿಲ್ವಾ, ಸರಿ, ಆ ಔಷಧಿ ತಗೊಂಡಿರೋ ಸಾವಿರ ಜನರ ಲಿಸ್ಟ್ ಕೊಟ್ಟು ಇವ್ರ ಥರದವ್ರನ್ನ ಹುಡುಕು ಅನ್ನೋದು. ಕಾಯಿಲೆ ಹೆಸ್ರು ಎಲ್ಲೂ ಬರಲ್ಲ, ಕೆಲಸ ಮಾತ್ರ ಆಗತ್ತೆ. ಅದಕ್ಕೇ ಆಡ್ ಪರ್ಸನಲೈಸೇಶನ್ ಆಫ್ ಅನ್ನೋ ಸ್ವಿಚ್ ಮೇಲೆ ನಂಗೆ ಅಷ್ಟು ನಂಬಿಕೆ ಇಲ್ಲ, ಅದು ತೋರ್ಸೋದನ್ನ ಬದಲಾಯಿಸತ್ತೆ, ಮಾಹಿತಿ ಹೋಗೋ ಪೈಪ್ ಹಾಗೇ ಇರತ್ತೆ.

ಪೈಪಿಗೇ ಬಿರಡೆ ಹಾಕೋಕೆ ನಾನು ಮಾಡಿದ್ದು ಎರಡು. ಬ್ರೌಸರ್ ಬದಲಾಯಿಸಿ ಫೈರ್‌ಫಾಕ್ಸ್‌ಗೆ ಆಡು, ಟ್ರ್ಯಾಕರ್ ತಡೆಯೋ ಯುಬ್ಲಾಕ್ ಆರಿಜಿನ್ ಹಾಕ್ದೆ. ಆಮೇಲೆ ಎಲ್ರ ಫೋನಲ್ಲೂ ಪ್ರೈವೇಟ್ ಡಿಎನ್‌ಎಸ್‌ಗೆ (ಸೈಟಿನ ಹೆಸ್ರು ಕೊಟ್ರೆ ಅದ್ರ ವಿಳಾಸ ಹುಡುಕಿ ಕೊಡೋ ವ್ಯವಸ್ಥೆ ಇದು) ಟ್ರ್ಯಾಕರ್ ತಡೆಯೋ ಸರ್ವರ್ ಒಂದ್ರ ವಿಳಾಸ ಹಾಕ್ದೆ, ಆಂಡ್ರಾಯ್ಡ್ 9ರಿಂದ ಈಚೆಗೆ ಆ ಸೌಲಭ್ಯ ಫೋನಲ್ಲೇ ಇದೆ. ಪಿಕ್ಸೆಲ್ ಇರೋ ವಿಳಾಸಾನೇ ಸಿಗ್ದಿದ್ರೆ ಅದು ವರದಿ ಮಾಡೋದಾದ್ರೂ ಯಾರಿಗೆ. ತೊಂದ್ರೆ ಇಲ್ದೇ ಇಲ್ಲ, ಹೊರಗಡೆ ವೈಫೈಗಳ ಲಾಗಿನ್ ಪುಟ ಕೆಲವು ಸಲ ತೆರ್ಕೊಳ್ಳಲ್ಲ, ಆಗ ಎರಡ್ ನಿಮಿಷ ಆಫ್ ಮಾಡ್ಬೇಕು. ಹೆಂಡ್ತಿ ಮೊದಲ್ನೇ ವಾರ ದಿನಾ ಬೈದ್ಲು. ಇನ್ನೊಬ್ರು ಅವ್ರ ಫೋನ್‌ಬುಕ್ ಅಪ್‌ಲೋಡ್ ಮಾಡ್ದಾಗ ಅದ್ರ ಜೊತೆ ಹೋಗೋ ನನ್ ನಂಬರಿಗೆ ಮಾತ್ರ ಈ ಬಿರಡೆಗಳು ಕೆಲಸಕ್ಕೆ ಬರಲ್ಲ.

ಈಗ ನಂಗೆ ಬರೋ ಆಡ್‌ಗಳು ತಲೆಬುಡ ಇಲ್ದಿರೋವು, ಮೊನ್ನೆ ಕ್ರೇನ್ ಬಾಡಿಗೆಗೆ ಬೇಕಾ ಅಂತ ಬಂತು. ಅಪ್ಪ ಮಷೀನ್ ಹಾಕ್ಕೊಂಡ್ರು, ಡಾಕ್ಟ್ರು ಹೇಳಿದ್ದನ್ನೇ ತಗೊಂಡಿದ್ದು, ಆಡಲ್ಲಿ ಬಂದಿದ್ದಂತೂ ಬೇಡ್ವೇ ಬೇಡ ಅಂತ ಹಟ ಹಿಡಿದ್ರು. ಹೋದ್ ವಾರ ಆ ಗಿರಾಕಿ ಪಟ್ಟಿ ಮತ್ತೆ ತೆಗೆದು ನೋಡ್ದೆ, ತುಂಬಾ ಹೆಸ್ರು ಕಮ್ಮಿ ಆಗಿವೆ, ಹಳೇ ಆಫೀಸಿಂದು ಹಾಗೇ ಇದೆ. ಇನ್ನೂ ಅದೇ ಲಿಸ್ಟ್ ಓಡಿಸ್ತಿದಾರೆ ಅನ್ಸತ್ತೆ. ಲಿಸ್ಟಿಂದ ನನ್ ನಂಬರ್ ತೆಗೀಬೇಕು ಅಂದ್ರೆ ಆ ಆಫೀಸಿನ ಆಡ್ ಅಕೌಂಟಿಗೆ ಲಾಗಿನ್ ಆಗ್ಬೇಕು, ಕೆಲಸ ಬಿಟ್ಟ ದಿನಾನೇ ನನ್ ಆಕ್ಸೆಸ್ ತೆಗ್ದಿದಾರೆ.