ಹಲ್ಲು ಕಿತ್ತ ಜಾಗದ ತೂತು ಮುಚ್ಚುವ ಮುಂಚೆ ಸೈನಸ್ ನೋಡಬೇಕು

ನಾನು ರಾಯಚೂರಿನಲ್ಲಿ ಕಿವಿ, ಮೂಗು, ಗಂಟಲಿನ ಸರ್ಜನ್. ಮೇಲಿನ ದವಡೆಹಲ್ಲು ಕೀಳಿಸಿಕೊಂಡ ಮೇಲೆ ಬಾಯಿಗೂ ಕೆನ್ನೆಯ ಸೈನಸ್ಸಿಗೂ (ಕೆನ್ನೆಯ ಹಿಂದಿನ ಮೂಳೆಯೊಳಗೆ ಗಾಳಿ ತುಂಬಿದ, ಮೂಗಿಗೆ ತೆರೆದುಕೊಳ್ಳುವ ಪೊಳ್ಳು) ನಡುವೆ ತೂತು ಉಳಿದವರು ಆಗಾಗ ಬರುತ್ತಾರೆ. ಇದಕ್ಕೆ ಓರೋಆಂಟ್ರಲ್ ಫಿಸ್ಟುಲಾ ಅಂತ ಹೆಸರು. ಆ ಹಲ್ಲುಗಳ ಬೇರಿಗೂ ಸೈನಸ್ಸಿಗೂ ನಡುವೆ ಕೆಲವರಿಗೆ ತೆಳು ಮೂಳೆ ಮಾತ್ರ ಇರುತ್ತದೆ. 2 ಮಿ.ಮೀ. ಒಳಗಿನ ಹೊಸ ತೂತು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. 5 ಮಿ.ಮೀ. ದಾಟಿದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ.

ಸಿಂಧನೂರು ಕಡೆಯ ಒಬ್ಬ ತಾಯಿ ಬಂದಿದ್ದರು. "ನೀರ್ ಕುಡುದ್ರ ಮೂಗಿನ್ಯಾಗ ಬರತಾವ್ರೀ ಸರ" ಅಂದರು. ತೂತಿದ್ದ ಕಡೆಯ ಮೂಗಿನಿಂದ ಕೆಟ್ಟ ವಾಸನೆಯೂ ಇತ್ತು. ಮೊದಲೇ ಬೇರೆಯವರ ಹತ್ತಿರ ತೂತಿಗೆ ಹೊಲಿಗೆ ಹಾಕಿಸಿಕೊಂಡಿದ್ದರು, ಅದು ಬಿಟ್ಟುಹೋಗಿತ್ತು. ಮತ್ತೆ ಹೊಲಿಯುವ ಮುಂಚೆ ಸಿಟಿ ಸ್ಕ್ಯಾನ್ ಮಾಡಿಸಿದೆ. ಒಂದೇ ಕಡೆಯ ಸೈನಸ್ ಪೂರ್ತಿ ತುಂಬಿಕೊಂಡಿತ್ತು. ನಡುವೆ ಬಿಳಿ ಚುಕ್ಕೆಗಳು. ಇಂಥದ್ದು ಕಂಡರೆ ಫಂಗಸ್ (ಬೂಷ್ಟು) ಉಂಡೆ ಅಂತ ಅನುಮಾನ ಬರಲೇಬೇಕು. ರೂಟ್ ಕೆನಾಲ್‌ಗೆ ತುಂಬುವ ಸತುವಿನ ಮಿಶ್ರಣ ಸೈನಸ್ಸಿಗೆ ಜಾರಿದಾಗಲೂ ಇದು ಬೆಳೆಯುವುದುಂಟು.

ಒಳಗೆ ಕೊಳೆ ಕೂತಿರುವಾಗ ಮೇಲೆ ಹೊಲಿದರೆ ಹೊಲಿಗೆ ನಿಲ್ಲುವುದು ಕಷ್ಟ. ಅದಕ್ಕೇ ನಾನು ಮೊದಲು ಮೂಗಿನ ಕಡೆಯಿಂದ ಹೋಗುತ್ತೇನೆ. ಆ ತಾಯಿಯ ಶುಗರ್ ಹತೋಟಿಗೆ ತಂದ ಮೇಲೆ ಅರಿವಳಿಕೆ ಕೊಟ್ಟು, ಎಂಡೋಸ್ಕೋಪ್ (ಒಳಗೆ ನೋಡುವ ಸಣ್ಣ ದುರ್ಬೀನು) ಹಾಕಿ ಸೈನಸ್ಸಿನ ಸಹಜ ಬಾಯನ್ನು ಅಗಲ ಮಾಡಿದೆವು. ಹಸಿರು-ಕಂದು ಬಣ್ಣದ, ಒದ್ದೆ ಜೇಡಿಮಣ್ಣಿನಂಥ ಮುದ್ದೆ ಹೊರಬಂತು. ತಳದ ಮೂಲೆ ಮೂಗಿನಿಂದ ಸರಿಯಾಗಿ ಕಾಣುವುದಿಲ್ಲ. ಇಲ್ಲಿ ಆ ತೂತೇ ಉಪಕಾರಕ್ಕೆ ಬರುತ್ತದೆ. ಬಾಯಿಯ ಕಡೆಯಿಂದ ಸಿರಿಂಜಿನಲ್ಲಿ ಸಲೈನ್ ಬಿಟ್ಟರೆ ಉಳಿದ ಚೂರುಗಳೆಲ್ಲ ಮೂಗಿನ ಕಡೆ ತೇಲಿ ಬರುತ್ತವೆ. ನೀರು ತಿಳಿಯಾಗುವವರೆಗೂ ತೊಳೆಯಬೇಕು, ಇಲ್ಲಿ ಅವಸರ ಸಲ್ಲ.

ಆಮೇಲೆ ಮುಚ್ಚುವ ಕೆಲಸ. ತೂತಿನ ಒಳಗೋಡೆಗೆ ಬೆಳೆದ ಚರ್ಮ ಪೂರ್ತಿ ತೆಗೆಯಬೇಕು. ಅದು ಉಳಿದರೆ ಅಂಚುಗಳು ಕೂಡಿಕೊಳ್ಳುವುದೇ ಇಲ್ಲ. ನನಗೆ ಇಷ್ಟವಾದದ್ದು ಕೆನ್ನೆಯೊಳಗಿನ ಕೊಬ್ಬನ್ನು ಎಳೆದು ಮುಚ್ಚುವುದು. ಒಳಗೆ ಸಣ್ಣ ಗಾಯ ಮಾಡಿ ಹೊರಗಿನಿಂದ ಕೆನ್ನೆ ಮೆಲ್ಲಗೆ ಒತ್ತಿದರೆ ಹಳದಿ ಕೊಬ್ಬು ತಾನಾಗಿ ಇಣುಕುತ್ತದೆ. ರಕ್ತ ಹೀರುವ ಸಕ್ಷನ್ ನಳಿಗೆಯನ್ನು ಅದಕ್ಕೆ ನೇರವಾಗಿ ತಾಗಿಸಬಾರದು, ಕೊಬ್ಬು ಹರಿದುಹೋಗುತ್ತದೆ. ಜಗ್ಗದ ಹಾಗೆ ಅಂಗುಳಿನ ಅಂಚಿಗೆ ಹೊಲಿಯಬೇಕು. ರಕ್ತ ಸಂಚಾರ ಚೆನ್ನಾಗಿರುವುದರಿಂದ ಕೆಲವು ವಾರಗಳಲ್ಲಿ ಅದರ ಮೇಲೆ ಬಾಯಿಯ ಚರ್ಮವೇ ಬೆಳೆಯುತ್ತದೆ.

ತೆಗೆದ ಮುದ್ದೆಯ ಜೊತೆ ಸೈನಸ್ ಗೋಡೆಯ ಒಂದು ಚೂರನ್ನೂ ಲ್ಯಾಬಿಗೆ ಕಳಿಸಲೇಬೇಕು. ಫಂಗಸ್ ಗೋಡೆಯೊಳಗೆ ಇಳಿಯದೆ ಬರೀ ಉಂಡೆಯಾಗಿದ್ದರೆ ತೊಳೆದು ತೆಗೆದರೆ ಸಾಕು, ಫಂಗಸ್ ಮಾತ್ರೆ ಬೇಡ. ಸುಮ್ನೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿ ಲಿವರಿಗೆ ಏಟು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಗೋಡೆಯೊಳಗೆ, ರಕ್ತನಾಳಕ್ಕೆ ಇಳಿದಿದ್ದರೆ ದಾರಿಯೇ ಬೇರೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬಂದ ಮ್ಯೂಕರ್, ಅಂದರೆ ಬ್ಲ್ಯಾಕ್ ಫಂಗಸ್, ಅಂಥದ್ದು. ಶುಗರ್ ಜಾಸ್ತಿ ಇದ್ದವರು, ಸ್ಟೀರಾಯ್ಡ್ ತೆಗೆದುಕೊಂಡವರು ಹೆಚ್ಚಾಗಿ ಅದಕ್ಕೆ ಸಿಕ್ಕರು. ಅಲ್ಲಿ ಸತ್ತ ಭಾಗ ಕತ್ತರಿಸಿ ತೆಗೆಯುವುದರ ಜೊತೆಗೆ ಫಂಗಸ್ ಕೊಲ್ಲುವ ಆಂಫೋಟೆರಿಸಿನ್ ಇಂಜೆಕ್ಷನ್ ಬೇಕು, ಒಂದು ದಿನ ತಡವಾದರೂ ಕಣ್ಣು, ಮೆದುಳಿಗೆ ಅಪಾಯ. ಈ ತಾಯಿಯ ರಿಪೋರ್ಟಿನಲ್ಲಿ ಬರೀ ಉಂಡೆ ಅಂತ ಬಂತು.

ಮನೆಗೆ ಕಳಿಸುವಾಗ ಮಗನನ್ನೂ ಕೂರಿಸಿಕೊಂಡು ಹೇಳಿದೆ. ಎರಡು ವಾರ ಜೋರಾಗಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಖಡಕ್ ರೊಟ್ಟಿ ಬೇಡ, ಗಂಜಿ, ಅಂಬಲಿ ಸಾಕು. ತಂಬಾಕು ಬಾಯಿಗೆ ಹಾಕಲೇಬಾರದು. ಮುಂದಿನ ಭೇಟಿಯಲ್ಲಿ ಎಂಡೋಸ್ಕೋಪ್ ಹಾಕಿ ನೋಡಿದಾಗ ಸೈನಸ್ಸಿನ ಬಾಯಿ ತೆರೆದೇ ಇತ್ತು, ಒಳಗೆ ಕೀವು ಇರಲಿಲ್ಲ. ನೀರು ಕುಡಿಸಿ ನೋಡಿದೆವು, ಮೂಗಿಗೆ ಒಂದು ಹನಿಯೂ ಬರಲಿಲ್ಲ.