ನಮ್ಮ ಸ್ಕೌಟ್ ದಳದ ಕಡತ

ನಮ್ಮ ದಳದ ಒಬ್ಬ ಹುಡುಗನಿಗೆ ರಾಜ್ಯ ಪುರಸ್ಕಾರದ ಪರೀಕ್ಷಾ ಶಿಬಿರ ತಪ್ಪಿದ್ದು 11 ದಿನದ ಲೆಕ್ಕಕ್ಕೆ.

ಸ್ಕೌಟಿಂಗ್ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೊದಲು ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಅದಾದ ಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದು ಮೆಟ್ಟಿಲು ಹತ್ತಿದ ಮೇಲೆ ಇಷ್ಟು ತಿಂಗಳು ಕೆಲಸ ಮಾಡಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ಅವನು ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿದ್ದ. ಗಂಟು ಹಾಕೋದು, ಪ್ರಥಮ ಚಿಕಿತ್ಸೆ, ನಕ್ಷೆ ಓದೋದು, ರಾತ್ರಿ ಶಿಬಿರ, ಯಾವುದೂ ಬಾಕಿ ಇರಲಿಲ್ಲ. ಆದರೆ ತೃತೀಯ ಸೋಪಾನದ ಫಲಿತಾಂಶದ ಪಟ್ಟಿಯನ್ನು, ದಳ ನಡೆಸುವ ನಾನು, ಕಚೇರಿಗೆ ಕಳಿಸದೆ ಬೀರುವಿನಲ್ಲಿ ಇಟ್ಟುಕೊಂಡು ಕೂತೆ. ಮನೆಯಲ್ಲಿ ಮದುವೆ ಇತ್ತು, ಆಫೀಸಿನಲ್ಲಿ ಮಾರ್ಚ್ ತಿಂಗಳ ಲೆಕ್ಕ ಇತ್ತು, ನಾಳೆ ಕಳಿಸಿದರಾಯಿತು ಅಂದುಕೊಂಡು ಎರಡು ತಿಂಗಳು ತಳ್ಳಿದೆ. ಪ್ರಮಾಣಪತ್ರದ ಮೇಲೆ ತಡವಾದ ತಾರೀಖೇ ಬಿತ್ತು. ಮುಂದೆ ಅರ್ಜಿ ಹಾಕುವಾಗ ಲೆಕ್ಕ ಹಾಕಿದರೆ 11 ದಿನ ಕಡಿಮೆ.

ಅವನು ಆ ವರ್ಷ ಎಸ್‌ಎಸ್‌ಎಲ್‌ಸಿ. ಲಾಗ್ ಬುಕ್ಕಿಗೆ ಕಂದು ರಟ್ಟು ಹಾಕಿ, ಒಂದೊಂದು ಗಂಟಿಗೂ ನಿಜವಾದ ದಾರವನ್ನೇ ಕಟ್ಟಿ ಹಾಳೆಗೆ ಹೊಲಿದಿದ್ದ. ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್, ಪಕ್ಕದಲ್ಲಿ ದುಂಡನೆಯ ಅಕ್ಷರದಲ್ಲಿ ಹೆಸರು. ವಿಷಯ ಹೇಳಿದಾಗ "ಪರವಾಗಿಲ್ಲ ಸರ್" ಅಂದ. ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಹೋದ. ಮುಂದಿನ ವರ್ಷ ಪಿಯುಸಿಗೆ ಬೇರೆ ಊರು ಸೇರಿದ, ಮತ್ತೆ ದಳಕ್ಕೆ ಬರಲಿಲ್ಲ. ಇದು ಆಗಿ ಏಳು ವರ್ಷ ಆಯಿತು. ಈಗಲೂ ನನಗೆ ಆ ದಾರಗಳು ಕಣ್ಣಿಗೆ ಕಟ್ಟುತ್ತವೆ.

ನಾನು ಮೇಷ್ಟ್ರಲ್ಲ. ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಚಿಕ್ಕವನಿದ್ದಾಗ ಸ್ಕೌಟ್ ಆಗಿದ್ದೆ, ಅದರ ಋಣ ತೀರಿಸಬೇಕು ಅಂತ ಮಲೆನಾಡಿನ ನಮ್ಮ ಊರಿನಲ್ಲಿ ಮುಕ್ತ ದಳ ಶುರು ಮಾಡಿದೆ. ಮುಕ್ತ ದಳ ಅಂದರೆ ಯಾವುದೇ ಒಂದು ಶಾಲೆಗೆ ಸೇರಿದ್ದಲ್ಲ, ಊರಿನ ಯಾವ ಹುಡುಗನಾದರೂ 10 ವರ್ಷ ತುಂಬಿದರೆ ಬರಬಹುದು. ನಮ್ಮಲ್ಲಿ 24 ಹುಡುಗರು, ಮೂರು ಪ್ಯಾಟ್ರೋಲ್ (ದಳದೊಳಗಿನ ಚಿಕ್ಕ ಗುಂಪು), ಏಳು ಶಾಲೆ. ಭಾನುವಾರ ಬೆಳಿಗ್ಗೆ ಏಳೂವರೆಗೆ ಧ್ವಜ ಹಾರಿಸುತ್ತೇವೆ.

ಶುರುವಿನಲ್ಲಿ ನನಗೆ ಕಾಗದ ಅಂದರೆ ಸಿಟ್ಟು. ದಳಕ್ಕೆ ಚಾರ್ಟರ್ ಅಂದರೆ ಮಾನ್ಯತೆ ಪತ್ರ, ನನಗೆ ವಾರಂಟ್ ಅಂದರೆ ದಳ ನಡೆಸುವ ಅಧಿಕಾರ ಪತ್ರ, ವರ್ಷ ವರ್ಷ ನೋಂದಣಿ, ಗುಂಪು ಸಮಿತಿಯ ನಡಾವಳಿ, ಜಮಾ ಖರ್ಚು, ಒಂದು ರಾತ್ರಿ ಹೊರಗೆ ಮಲಗಬೇಕಾದರೆ ಅನುಮತಿ, ಕಾಡಿಗೆ ಹೋದರೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಮಕ್ಕಳ ಜೊತೆ ಕಳೆಯೋಣ ಅಂತ ಬಂದವನಿಗೆ ಇದೆಲ್ಲ ಯಾಕೆ ಅನ್ನಿಸೋದು ಸಹಜ ಅಲ್ವಾ? ಹುಡುಗನ ಶಿಬಿರ ತಪ್ಪಿದ ಮೇಲೆ ನನಗೆ ಅರ್ಥ ಆಗಿದ್ದು ಇಷ್ಟು: ಆ ಕಾಗದವನ್ನು ನಾನು ಹೊತ್ತಿಗೆ ಸರಿಯಾಗಿ ಮಾಡದಿದ್ದರೆ ದಂಡ ಕಟ್ಟುವವನು ನಾನಲ್ಲ, ಹುಡುಗ.

ಮೊದಲು ಮಾಡಿದ ಕೆಲಸ ಅಂದರೆ ನಿಯಮದ ಪುಸ್ತಕ ಓದಿದ್ದು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ನಿಯಮಗಳೆಲ್ಲ ಎಪಿಆರ್‌ಒ ಅನ್ನೋ ಪುಸ್ತಕದಲ್ಲಿವೆ. ನಮ್ಮಲ್ಲಿ ಬಹಳ ಜನ ಅದನ್ನು ಬಾಯಿಮಾತಲ್ಲೇ ಕಲಿತಿರುತ್ತಾರೆ. ನಾನೂ ಹಾಗೇ ಇದ್ದೆ. ಸಂಜೆ ಹೊತ್ತು ಅರ್ಧ ಗಂಟೆಯಂತೆ ಕೂತು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಒಂದು ತಿಂಗಳಲ್ಲಿ ಮುಗಿಸಿದೆ. ನಾನು ನಿಯಮ ಅಂದುಕೊಂಡಿದ್ದ ಎಷ್ಟೋ ಸಂಗತಿ ಅದರಲ್ಲಿ ಇರಲೇ ಇಲ್ಲ, ಬರೀ ರೂಢಿ. ಹಾಗೇ ನಾನು ರೂಢಿ ಅಂದುಕೊಂಡು ಬಿಟ್ಟಿದ್ದ ಕೆಲವು ನಿಜವಾದ ನಿಯಮಗಳಾಗಿದ್ದವು.

ಒಂದು ಉದಾಹರಣೆ ಕೊಡುತ್ತೇನೆ. ಒಂದು ರ್‍ಯಾಲಿಗೆ ಹೆಸರು ಕಳಿಸುವ ಫಾರಂನಲ್ಲಿ "ಮುಖ್ಯೋಪಾಧ್ಯಾಯರ ಸಹಿ ಮತ್ತು ಸೀಲು" ಅಂತ ಒಂದು ಕಾಲಂ. ಮುಕ್ತ ದಳಕ್ಕೆ ಮುಖ್ಯೋಪಾಧ್ಯಾಯರು ಎಲ್ಲಿಂದ ಬರಬೇಕು? ಕಚೇರಿಯಲ್ಲಿ ಕೇಳಿದರೆ ಸೀಲು ಇಲ್ಲದೆ ತಗೊಳ್ಳೋಕೆ ಬರಲ್ಲ ಅಂದರು. ಎರಡು ವರ್ಷ ನಾನು ಎರಡು ದಿನ ರಜೆ ಹಾಕಿ, ಸ್ಕೂಟರಿನಲ್ಲಿ ಏಳು ಶಾಲೆ ಸುತ್ತಿ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಒಂದು ಶಾಲೆಯವರು, ನಮ್ಮ ಚಟುವಟಿಕೆ ಅಲ್ಲದ್ದಕ್ಕೆ ನಾವು ಹೇಗೆ ಸಹಿ ಮಾಡೋದು ಅಂದರು. ಅವರ ಮಾತು ಸರಿಯಾಗೇ ಇತ್ತು. ಮೂರನೇ ವರ್ಷ ಒಂದು ಪತ್ರ ಬರೆದೆ. ಜಗಳದ ಪತ್ರ ಅಲ್ಲ. ನಮ್ಮದು ಮುಕ್ತ ದಳ, ಇಂಥ ಚಾರ್ಟರ್ ಸಂಖ್ಯೆ, ನಮಗೆ ಗುಂಪು ಸಮಿತಿ ಇದೆ, ಮುಖ್ಯೋಪಾಧ್ಯಾಯರ ಬದಲು ಸಮಿತಿಯ ಅಧ್ಯಕ್ಷರ ಸಹಿ ಒಪ್ಪಬಹುದೇ, ದಯವಿಟ್ಟು ಲಿಖಿತವಾಗಿ ತಿಳಿಸಿ. ನಾಲ್ಕೇ ಸಾಲು. ಚಾರ್ಟರಿನ ನಕಲು ಲಗತ್ತಿಸಿ, ಟಪಾಲಿನಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಐದು ವಾರಕ್ಕೆ ಹಿಂಬರಹ ಬಂತು, ಒಪ್ಪಬಹುದು ಅಂತ. ಈಗ ಪ್ರತಿ ಫಾರಂ ಜೊತೆ ಆ ಹಿಂಬರಹದ ಜೆರಾಕ್ಸ್ ಇಡುತ್ತೇನೆ. ಕೌಂಟರಿನಲ್ಲಿ ಯಾರೇ ಕೂತಿರಲಿ, ಹೊಸಬರು ಬಂದಿರಲಿ, ಒಂದು ಮಾತೂ ಇಲ್ಲದೆ ತಗೊಳ್ಳುತ್ತಾರೆ.

ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಬರುತ್ತೆ, ಆ ಉತ್ತರ ಕೊಟ್ಟವರು ವರ್ಗವಾದರೆ ಅದೂ ಅವರ ಜೊತೆ ಹೋಗುತ್ತೆ. ಬರೆದು ಕೇಳಿ, ಸ್ವೀಕೃತಿ ತಗೊಳ್ಳಿ.

ಇನ್ನೊಂದು ವಿಷಯ. ನಾವು ಕಚೇರಿ ಕಚೇರಿ ಅಂತ ದೂರುತ್ತೀವಲ್ಲ, ಜಿಲ್ಲೆ, ತಾಲೂಕು ಮಟ್ಟದಲ್ಲಿ ಕೆಲಸ ಮಾಡುವವರಲ್ಲಿ ಎಷ್ಟೋ ಮಂದಿ ನಮ್ಮ ಹಾಗೆ ಗೌರವ ಸೇವೆ ಮಾಡುವವರೇ. ದಿನವೆಲ್ಲ ಪಾಠ ಮಾಡಿ ಬಂದು ಸಂಜೆ ನೂರಾರು ದಳಗಳ ಪಟ್ಟಿ ನೋಡುವವರು. ಕೊನೆಯ ದಿನ ಸಂಜೆ ಅರ್ಧ ತುಂಬಿದ ಫಾರಂ ಕೊಟ್ಟು, ಸ್ವಲ್ಪ ಅಡ್ಜಸ್ಟ್ ಮಾಡಿ ಸರ್ ಅಂತ ಕೇಳೋದನ್ನು ನಾನು ಬಿಟ್ಟೆ. ಕೊನೆಯ ದಿನಕ್ಕೆ ಹತ್ತು ದಿನ ಮುಂಚೆ ಕೊಟ್ಟರೆ, ತಪ್ಪಿದ್ದರೆ ಅವರೇ ಫೋನ್ ಮಾಡಿ ಹೇಳುತ್ತಾರೆ. ನನಗೆ ಹೀಗೆ ಎಷ್ಟು ಸಲ ಆಗಿದೆಯೋ ಲೆಕ್ಕ ಇಲ್ಲ.

ಹೆಸರಿನ ಸಮಸ್ಯೆ ಎಲ್ಲರಿಗೂ ಇದ್ದದ್ದೇ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ, ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲದೆ ಬರೀ "ಗಂಡು". ಪ್ರವೇಶದ ದಿನವೇ ಒಂದು ಹೆಸರು ಗಟ್ಟಿ ಮಾಡಿಕೊಳ್ಳಬೇಕು. ನಾನು ಶಾಲಾ ದಾಖಲೆಯಲ್ಲಿ ಇರುವ ಹೆಸರನ್ನೇ ಇಟ್ಟುಕೊಳ್ಳುತ್ತೇನೆ, ಒಂದು ಚುಕ್ಕಿಯೂ ಹೆಚ್ಚುಕಡಿಮೆ ಇಲ್ಲದಂತೆ. ರೈಲ್ವೆಯಲ್ಲಿ ಸ್ಕೌಟ್ ಕೋಟಾದಡಿ ಕೆಲಸಕ್ಕೆ ಅರ್ಜಿ ಹಾಕುವಾಗ ಇದೇ ಪ್ರಮಾಣಪತ್ರ ಹೊರಗೆ ಬರೋದು. 13 ವರ್ಷದ ಹುಡುಗನ ಫಾರಂ ತುಂಬುವಾಗ ನಾವು ಅವನ 23ನೇ ವಯಸ್ಸನ್ನೂ ನೆನಪಿಡಬೇಕು.

ಈ ಕೆಲಸವನ್ನೆಲ್ಲ ಒಬ್ಬನೇ ಮಾಡಲಾರೆ ಅಂತ ಗೊತ್ತಾದಾಗ ಹುಡುಗರ ಕೈಗೇ ಕೊಟ್ಟೆ. ಇದು ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೆಲಸ. ಸ್ಕೌಟಿಂಗ್ ನಿಂತಿರೋದೇ ಪ್ಯಾಟ್ರೋಲ್ ಪದ್ಧತಿಯ ಮೇಲೆ, ಆರರಿಂದ ಎಂಟು ಜನರ ಗುಂಪು, ಅವರದೇ ನಾಯಕ. ಅಡುಗೆ, ಟೆಂಟು ಅವರ ಕೈಯಲ್ಲಿ ಕೊಡುವವರು ಕಡತ ಯಾಕೆ ಕೊಡಬಾರದು? ಈಗ ಒಂದೊಂದು ಪ್ಯಾಟ್ರೋಲಿಗೂ ಒಂದು ಕ್ಲಿಪ್ ಫೈಲ್, ಅದಕ್ಕೊಬ್ಬ ಬರಹಗಾರ. ಮೊದಲ ಹಾಳೆಯಲ್ಲಿ ಎಲ್ಲರ ಹೆಸರು, ಎದುರಿಗೆ ಸೋಪಾನ ಮುಗಿದ ತಾರೀಖು, ಮುಂದಿನದಕ್ಕೆ ಅರ್ಹನಾಗುವ ತಾರೀಖು. ಎರಡನೆಯದನ್ನು ಹುಡುಗರೇ ಲೆಕ್ಕ ಹಾಕಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ತಿಂಗಳ ಮೊದಲ ಭಾನುವಾರ ಧ್ವಜ ಇಳಿಸುವ ಮುಂಚೆ 20 ನಿಮಿಷ ಕಡತದ ಕೆಲಸ. ಆ ತಿಂಗಳ ಕಾಗದ ಆ ತಿಂಗಳೇ ಹೋಗಬೇಕು. ಒಂದು ಸಲ ನಾನು ಪಟ್ಟಿ ಕಳಿಸೋದು ಮರೆತಿದ್ದಾಗ ಏಳನೇ ಕ್ಲಾಸಿನ ಬರಹಗಾರ ನಮ್ಮ ಮನೆಗೇ ಬಂದು, "ಸರ್, 9ನೇ ತಾರೀಖು ಆಯ್ತು" ಅಂತ ಜಗಲಿಯ ಮೇಲೆ ಕೂತ. ಅವನನ್ನು ಕೂರಿಸಿಕೊಂಡೇ ಅಲ್ಲೇ ತುಂಬಿ ಕಳಿಸಿದೆ.

ಪೋಷಕರ ಒಪ್ಪಿಗೆ ಪತ್ರದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಮೊದಲು ನಾನು ಅದನ್ನು ಸುಮ್ನೆ ಒಂದು ಸಹಿ ಅಂದುಕೊಂಡಿದ್ದೆ. ಹುಡುಗರು ಒಯ್ಯುತ್ತಿದ್ದರು, ಸಹಿ ಹಾಕಿಸಿ ತರುತ್ತಿದ್ದರು, ಓದಿದವರು ಯಾರೂ ಇಲ್ಲ. ಈಗ ಒಂದೇ ಪುಟದ ಕನ್ನಡ ಫಾರಂ ಮಾಡಿದ್ದೇನೆ. ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಗಾಡಿ, ಜೊತೆಗೆ ಯಾರು, ವಾಪಸ್ ಯಾವಾಗ. ಕೆಳಗೆ ಮೂರು ಪ್ರಶ್ನೆ: ಮಗುವಿಗೆ ಯಾವ ಕಾಯಿಲೆ ಇದೆ, ಯಾವ ಔಷಧಿ ತಗೊಳ್ಳುತ್ತಾನೆ, ಏನು ತಿಂದರೆ ಆಗಲ್ಲ. ಓದಲು ಬಾರದ ತಾಯಂದಿರಿದ್ದರೆ ಅವರ ಮನೆಗೆ ಹೋಗಿ ಕೂತು ಓದಿ ಹೇಳುತ್ತೇನೆ. ಹಾಗೆ ಹೋದಾಗ ಒಬ್ಬರು, "ಚಳಿಗೆ ಸ್ವಲ್ಪ ಉಬ್ಬಸ ಬರ್ತದೆ ಸಾರ್, ಆದ್ರೆ ಬರ್ಕೋಬೇಡಿ, ಬಿಟ್ ಹೋಗ್ತೀರ ಅಂತ ಅವ್ನು ಅಳ್ತಾನೆ" ಅಂದರು. ಬರೆದುಕೊಂಡೆ, ಬಿಟ್ಟು ಹೋಗಲ್ಲ ಅಂತ ಮಾತೂ ಕೊಟ್ಟೆ. ಚಾರಣದ ದಿನ ಹೊರಡುವ ಮುಂಚೆ ಫಾರಂ ನೋಡಿ ಇನ್‌ಹೇಲರ್ ಎಲ್ಲಪ್ಪಾ ಅಂತ ಕೇಳಿದೆ. ಬ್ಯಾಗಿನಲ್ಲಿದೆ ಅಂದ. ಬ್ಯಾಗುಗಳೆಲ್ಲ ಜೀಪಿಗೆ ಏರಿ ಆಗಿದ್ದವು, ನಾವು ಗುಡ್ಡ ಹತ್ತಿ ಇಳಿಯುವವರೆಗೆ ಸಿಗುತ್ತಿರಲಿಲ್ಲ. ಜೀಪು ನಿಲ್ಲಿಸಿ, ಹತ್ತು ಬ್ಯಾಗು ಇಳಿಸಿ, ಹುಡುಕಿ ಅವನ ಜೇಬಿಗೆ ಹಾಕಿಸಿದೆ. ಮೇಲೆ ಮಂಜು ಇಳಿದಾಗ ಅವನಿಗೆ ಅದು ಬೇಕಾಯಿತು. ಎರಡು ಸಲ ಎಳೆದುಕೊಂಡ, ಹತ್ತು ನಿಮಿಷ ಕಲ್ಲಿನ ಮೇಲೆ ಕೂತ, ಮತ್ತೆ ನಡೆದ.

ಹಾಗಂತ ಇರುವ ನಿಯಮವೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಭಾರತದ ಮೊದಲ ಸ್ಕೌಟ್ ದಳ ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಶುರು ಮಾಡಿದ್ದು. ಆಗ ಭಾರತೀಯ ಮಕ್ಕಳಿಗೆ ಸ್ಕೌಟಿಂಗಿನಲ್ಲಿ ಪ್ರವೇಶವೇ ಇರಲಿಲ್ಲ. ಆ್ಯನಿ ಬೆಸೆಂಟ್ ಮತ್ತು ಅರುಂಡೇಲ್ 1916ರಲ್ಲಿ ಮದರಾಸಿನಲ್ಲಿ ನಮ್ಮ ಮಕ್ಕಳಿಗೆ ಬೇರೆ ಸಂಸ್ಥೆಯನ್ನೇ ಕಟ್ಟಿದರು, ಉತ್ತರದಲ್ಲಿ ಮದನ ಮೋಹನ ಮಾಳವೀಯರು, ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿಯ ಸ್ಕೌಟ್ ಸಂಸ್ಥೆ ಕಟ್ಟಿದರು. ಎಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಗಿದ್ದು 1950ರ ನವೆಂಬರ್ 7ರಂದು. ಸರಿಯಿಲ್ಲದ್ದನ್ನು ಸರಿಯಿಲ್ಲ ಅಂದವರಿದ್ದರು, ಅದಕ್ಕೇ ಇವತ್ತು ನನ್ನ 24 ಹುಡುಗರು ಸ್ಕಾರ್ಫ್ ಹಾಕುತ್ತಾರೆ.

ನನಗೆ ಈಗಲೂ ಸರಿ ಅನ್ನಿಸದ್ದು ಒಂದಿದೆ. ದಳ ನಡೆಸುವವರು ಬೇಸಿಕ್ ತರಬೇತಿ ಮಾಡಬೇಕು, ಏಳು ದಿನದ ವಸತಿ ಶಿಬಿರ. ಅದು ಬೇಕೇ ಬೇಕು, ನಾನೂ ಅಲ್ಲೇ ಕಲಿತವನು. ಶಾಲೆಯ ಮೇಷ್ಟ್ರುಗಳಿಗೆ ಇದಕ್ಕೆ ಓಓಡಿ ಸಿಗುತ್ತೆ, ಅಂದರೆ ಕೆಲಸದ ಮೇಲೆ ಹೋದ ಲೆಕ್ಕ. ನಮ್ಮಂಥ ಹೊರಗಿನವರು ಸ್ವಂತ ರಜೆ ಹಾಕಬೇಕು, ದಿನಗೂಲಿಯವರಾದರೆ ಏಳು ದಿನದ ಕೂಲಿ ಬಿಡಬೇಕು. ಮುಕ್ತ ದಳಗಳು ನಮ್ಮಲ್ಲಿ ಇಷ್ಟು ಕಡಿಮೆ ಇರೋದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತೆ. ಇದೇ ತರಬೇತಿಯನ್ನು ಮೂರು ನಾಲ್ಕು ವಾರಾಂತ್ಯಗಳಿಗೆ ಹಂಚಿ ಮಾಡಬಹುದೇ ಅಂತ ಪತ್ರ ಬರೆದಿದ್ದೇನೆ. ಸ್ವೀಕೃತಿ ಇದೆ, ಉತ್ತರ ಇನ್ನೂ ಬಂದಿಲ್ಲ. ತಿಂಗಳಿಗೊಮ್ಮೆ ನೆನಪೋಲೆ ಹಾಕುತ್ತೇನೆ.

ಇದನ್ನು ಈಗ ಬರೆಯೋಕೆ ಕಾರಣ, ಹೋದ ವರ್ಷ ನಮ್ಮ ಹುಡುಗರ ಅಕ್ಕತಂಗಿಯರು ಬಂದು ನಮಗೂ ಬೇಕು ಅಂದರು. ಹೆಣ್ಣುಮಕ್ಕಳಿಗೆ ಗೈಡ್ ವಿಭಾಗ, ಅದಕ್ಕೆ ಗೈಡ್ ಕ್ಯಾಪ್ಟನ್ ಬೇಕು, ಅವರು ಹೆಂಗಸರೇ ಆಗಿರಬೇಕು, ತರಬೇತಿ ಆಗಿರಬೇಕು. ಹನ್ನೆರಡು ಹುಡುಗಿಯರಿಗೆ ಇಲ್ಲ ಅನ್ನೋದು ಕಷ್ಟ ಆಯಿತು. ಆದರೂ ನಿಯಮ ಮೀರಿ ಅವರನ್ನು ಸೇರಿಸಿಕೊಳ್ಳಲಿಲ್ಲ, ಈ ನಿಯಮ ಅವರ ಸುರಕ್ಷತೆಗೇ ಇರೋದು. ಆರು ತಿಂಗಳು ಮನೆ ಮನೆ ಕೇಳಿದೆ. ಕೊನೆಗೆ ಒಪ್ಪಿಕೊಂಡವರು ಆ ಉಬ್ಬಸದ ಹುಡುಗನ ತಾಯಿ. ಹೊಲಿಗೆ ಕೆಲಸ ಅವರದು. ಅಕ್ಷರ ಕಲಿಯೋಕೆ ಶುರು ಮಾಡಿ ವರ್ಷ ಆಗಿತ್ತಂತೆ, ಮಗನೇ ಹೇಳಿಕೊಟ್ಟಿದ್ದಂತೆ. ಇಷ್ಟು ಓದಿದ್ದರೆ ಸಾಕೇ, ಕ್ಯಾಪ್ಟನ್ ಆಗಬಹುದೇ ಅಂತ ಬರೆದು ಕೇಳಿದೆವು. ಕ್ಯಾಪ್ಟನ್ ಹುದ್ದೆಗೆ ಇಷ್ಟು ಸಾಲದು, ಸಹಾಯಕಿಯಾಗಿ ಬರಲಿ ಅಂತ ಉತ್ತರ ಬಂತು. ಹಾಗಾಗಿ ಅವರ ಜೊತೆಗೆ ಅವರ ನಾದಿನಿ, ಡಿಗ್ರಿ ಮುಗಿಸಿ ಮನೆಯಲ್ಲಿದ್ದವರು, ಕ್ಯಾಪ್ಟನ್ ಆಗಲು ಮುಂದೆ ಬಂದರು. ನಾದಿನಿ ಮುಂದಿನ ತಿಂಗಳು ಬೇಸಿಕ್ ತರಬೇತಿಗೆ ದೊಡ್ಡಬಳ್ಳಾಪುರಕ್ಕೆ ಹೊರಡುತ್ತಾರೆ. ಆ ಏಳು ದಿನ ಮನೆಯ ಕೆಲಸ ಅತ್ತಿಗೆಯದು. ಅರ್ಜಿ ಕೊನೆಯ ದಿನಕ್ಕೆ ಹತ್ತು ದಿನ ಮುಂಚೆಯೇ ಕೊಟ್ಟಿದ್ದೇವೆ. ಹುಡುಗಿಯರ ಹೆಸರಿನ ಪಟ್ಟಿಯನ್ನು ಬರಹಗಾರ ಹುಡುಗರು ಈಗಾಗಲೇ ಬರೆದಿಟ್ಟಿದ್ದಾರೆ, ಕೆಂಪು ಶಾಯಿಯ ಕಾಲಂ ಮಾತ್ರ ಖಾಲಿ ಇದೆ.